ಕೌನಸ್‌ನಲ್ಲಿ ಸಾದಿಕನ ಮಾತು ಬಂದಾಗ

ಹೊರಡುವ ಮುನ್ನ

ಲಿಥುವೇನಿಯಾಕ್ಕೆ ಹೋಗಿ ಬಂದವನೆಂದು ರಾಮನಗರದಲ್ಲಿ ಈಗ ಎದುರಾದವರೆಲ್ಲ ಅಲ್ಲಿ ಚಳಿ ಹೇಗಿತ್ತು ಎಂದು ಕೇಳುತ್ತಾರೆ. ನಾನು ಹೋದದ್ದು ಜೂನ್ ತಿಂಗಳು, ಚಳಿಯೇನೂ ಇರಲಿಲ್ಲ. ಆದರೂ ಚಳಿಯಿತ್ತು ಎಂದೇ ಹೇಳಿಬಿಡುತ್ತೇನೆ. ಅವರಿಗೆ ಬೇಕಾದದ್ದೂ ಅದೇ, ಮಾತೂ ಅಲ್ಲಿಗೆ ಮುಗಿಯುತ್ತದೆ. ಮುಗಿಯದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವುದೆಲ್ಲ ನೆನಪಿನಿಂದ, ಆದ್ದರಿಂದ ಓದುವವರು ಒಂದಿಷ್ಟು ಅನುಮಾನ ಇಟ್ಟುಕೊಂಡೇ ಓದಬೇಕು. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುವಾಗ, ಕಣ್ಣಾರೆ ಕಂಡದ್ದನ್ನೂ ನಂಬಬಾರದು ಎಂದು ವಾದಿಸಿ ಒಳ್ಳೆಯ ಅಂಕ ಪಡೆದವನು ನಾನು. ಆಗ ಅದು ಬರೀ ವಾದವಾಗಿತ್ತು.

ನನ್ನನ್ನು ಕರೆದುಕೊಂಡು ಹೋದವರು ಚನ್ನಪಟ್ಟಣದ ಬಷೀರಣ್ಣ. ಬೊಂಬೆ ಮಾಡುವವರು, ಅರವತ್ತು ದಾಟಿದವರು. ಕೌನಸ್ ಎಂಬ ಊರಿನಲ್ಲಿ ನಡೆಯುವ ಮರಗೆಲಸದ ಮೇಳಕ್ಕೆ ಅವರಿಗೆ ಕರೆ ಬಂದಿತ್ತು. ಜೊತೆಗೆ ಇಂಗ್ಲಿಷ್ ಬಲ್ಲವನೊಬ್ಬ ಬೇಕಿತ್ತು. ನಾನು ಕಾಲೇಜಿನಲ್ಲಿ ಪಾಠ ಹೇಳುವವನು, ರಜೆಯಲ್ಲಿದ್ದೆ, ಮತ್ತು ಕೂತಲ್ಲಿ ಕೂರಲಾರದವನು ಎಂದು ಊರಿಗೆಲ್ಲ ಗೊತ್ತು.

"ಬೊಂಬೆ ಒಂದು ನೆಪ ಮೇಷ್ಟ್ರೇ," ಎಂದರು ಬಷೀರಣ್ಣ, ಪಾಸ್‌ಪೋರ್ಟಿನ ಫೋಟೋಗೆ ಕೂದಲು ಬಾಚಿಕೊಳ್ಳುತ್ತ. "ಆ ದೇಶದಲ್ಲಿ ಬಾಸ್ಕೆಟ್‌ಬಾಲ್ ಅಂದ್ರೆ ಉಸಿರು ಅಂತೆ. ನಮ್ ಸಾದಿಕನ ವಿಡಿಯೋ ಯಾರಿಗಾದ್ರೂ ತೋರಿಸ್ಬೇಕು. ಅಷ್ಟ್ ಮಾಡ್ಕೊಡಿ."

ಸಾದಿಕ್, ಬಷೀರಣ್ಣನ ತಂಗಿಯ ಮಗ. ರಾಮನಗರದಲ್ಲಿ ಮನೆ, ಮನೆಯ ಹಿಂದೆ ರೇಷ್ಮೆ ನೂಲು ತೆಗೆಯುವ ಬೇಸಿನ್‌ಗಳು. ವಯಸ್ಸು ಇಪ್ಪತ್ನಾಲ್ಕು, ಎತ್ತರ ಆರೂವರೆ ಅಡಿ. ನಮ್ಮೂರ ಬಾಸ್ಕೆಟ್‌ಬಾಲ್ ತಂಡದಲ್ಲಿ ಬುಟ್ಟಿಯ ಕೆಳಗೆ ನಿಂತು ಆಡುವ ಸೆಂಟರ್ ಅವನೇ. ಆಟಗಾರರಿಗೆ ನೌಕರಿ ಕೊಡುವ ಬೆಂಗಳೂರಿನ ಎರಡು ಆಫೀಸು ತಂಡಗಳು ಅವನನ್ನು ಕರೆಸಿ ಆಡಿಸಿ, ಮುಂದಿನ ವರ್ಷ ನೋಡೋಣ ಎಂದು ಕಳಿಸಿದ್ದವು. ಒಂದಲ್ಲ, ಎರಡು ವರ್ಷ. ಈ ಸಲವೂ ಎಲ್ಲೂ ಜಾಗ ಸಿಗದಿದ್ದರೆ ವರ್ಷದ ಕೊನೆಗೆ ಆಟ ಬಿಟ್ಟು ಬೇಸಿನ್ನಿಗೆ ಕೂರುತ್ತೇನೆ ಎಂದು ಅವನು ಅಪ್ಪನಿಗೆ ಮಾತು ಕೊಟ್ಟಿದ್ದ. ಕುದಿನೀರಿನಲ್ಲಿ ಗೂಡು ಬೇಯಿಸಿ ಎಳೆ ಹುಡುಕುವ ಬೆರಳು ಕೆಲವೇ ತಿಂಗಳಲ್ಲಿ ಬೆಳ್ಳಗೆ ಉಬ್ಬಿ ಹೋಗುತ್ತದೆ. ಆ ಬೆರಳಿನಲ್ಲಿ ಚೆಂಡು ನಿಲ್ಲುವುದಿಲ್ಲ.

ಬೇಸಿಗೆಯಿಂದ ಜೂನ್ ಕೊನೆಯವರೆಗೆ ಪಂದ್ಯಗಳಿರುವುದಿಲ್ಲ. ಆಗ ನಮಗೆ ಇನ್ನೊಂದು ಆಟ. ಅಂಕಣದ ಪಕ್ಕದ ಮೆಟ್ಟಿಲ ಮೇಲೆ ಕೂತು ಈ ಸಲ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ಲೆಕ್ಕ ಹಾಕುವುದು. ಹೊರಡುವ ಹಿಂದಿನ ದಿನವೂ ಅದೇ ನಡೆದಿತ್ತು.

"ಸಾದಿಕ ಹೊಸ ಶೂ ತಕ್ಕೊಂಡವ್ನೆ. ಹೊಂಟ ಅಂತ ಲೆಕ್ಕ ಕಣ್ಲಾ," ಎಂದ ಕೈಲಾಂಚದ ಪುಟ್ಟರಾಜು. ಹಾಲಿನ ಡೇರಿಯ ಕಾರ್ಯದರ್ಶಿ, ಒಂದು ಪಂದ್ಯವನ್ನೂ ತಪ್ಪಿಸಿಕೊಂಡವನಲ್ಲ.

"ಹೋದ್ರೆ ಹೋಗ್ಲಿ ಬುಡ್ಲಾ. ಉದ್ದ ಐತೆ, ಅಷ್ಟೇಯ. ಆಟ ಏನೈತೆ?" ಎಂದ ಮಂಜ. ಅವನು ತಂಡದ ಗಾರ್ಡ್, ಚೆಂಡನ್ನು ಮುಂದಕ್ಕೊಯ್ಯುವವನು.

"ಅವ್ನು ಹೋದ್ರೆ ಬುಟ್ಟಿಗೆ ಬಡ್ದು ಬಂದ ರೀಬೌಂಡ್ ಯಾರ್ ಹಿಡೀತಾರ್ಲಾ, ನಿಮ್ಮಜ್ಜಿನಾ?"

ಮಂಜ ಸಾದಿಕನ ಆಟ ತೆಗಳಿದ್ದು ಅವನಿಗೆ ಸಾದಿಕನ ಮೇಲೆ ಪ್ರಾಣವಿರುವುದರಿಂದ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಬಂಗಾರದಂಥ ಗೂಡು ತಂದ ರೈತನನ್ನು ಕೇಳಿ ನೋಡಿ. "ಏನೋ ಸ್ವಾಮಿ, ಈ ಬೆಳೆ ಅಷ್ಟಕ್ಕಷ್ಟೇಯ" ಎನ್ನುತ್ತಾನೆ. ನಮ್ಮದನ್ನು ನಾವೇ ಹೊಗಳಿದರೆ ದೃಷ್ಟಿಯಾಗುತ್ತದೆ. ನೂಲು ತೆಗೆಯಲು ಕೊಳ್ಳುವ ರೀಲರ್ ಆ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ನಾಲ್ಕು ಗೂಡು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿ ತಾನೇ ತೀರ್ಮಾನಿಸುತ್ತಾನೆ.

ಕೌನಸ್, ಮೊದಲ ದಿನ

ಬಂಡೆಯಿಲ್ಲದ ನಾಡು. ಇಳಿದ ಕೂಡಲೇ ನನಗೆ ಅನಿಸಿದ್ದು ಅದು. ರಾಮನಗರದಲ್ಲಿ ಯಾವ ಕಿಟಕಿ ತೆಗೆದರೂ ಒಂದು ಬೆಟ್ಟ ಇಣುಕುತ್ತದೆ. ಇಲ್ಲಿ ಎಷ್ಟು ದೂರ ನೋಡಿದರೂ ಕಣ್ಣಿಗೆ ಒರಗಲು ಏನೂ ಸಿಗುವುದಿಲ್ಲ. ಬರೀ ಸಮತಟ್ಟು, ಹಸಿರು, ಆಕಾಶ. ಬಷೀರಣ್ಣನಿಗೆ ಕಷ್ಟವಾದದ್ದು ಸೂರ್ಯ. ಊರಿನಲ್ಲಿ ಊಟ ಮುಗಿಸಿ ಮಲಗುವ ಹೊತ್ತಿಗೂ ಇಲ್ಲಿ ಬಿಸಿಲಿತ್ತು.

"ಮಗ್ರಿಬ್ ನಮಾಜಿಗೆ ಕಾದೂ ಕಾದೂ ಸಾಕಾಯ್ತು ಮೇಷ್ಟ್ರೇ. ಈ ಸೂರ್ಯಂಗೆ ಹೆಂಡ್ತಿ ಮಕ್ಕಳು ಇಲ್ವಾ? ಮನೆಗೇ ಹೋಗ್ತಾ ಇಲ್ವಲ್ಲ."

ವಿಮಾನ ನಿಲ್ದಾಣದಲ್ಲಿ ಅವರ ಅರಗಿನ ಕಡ್ಡಿಗಳನ್ನು ಅಧಿಕಾರಿಗಳು ಒಂದೊಂದಾಗಿ ಮೂಸಿ ನೋಡಿದ್ದರು. ಕೆಂಪು, ಹಳದಿ, ಹಸಿರು. ಇದೇನು ಎಂದು ಕೇಳಿದರು. ಮರದ ಬೊಂಬೆಗೆ ಬಣ್ಣ ಕೊಡುವ ಅರಗು ಎಂದು ನಾನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಬಷೀರಣ್ಣ ಚೀಲದಿಂದ ಒಂದು ಬುಗುರಿ ತೆಗೆದು ಅವರ ಮೇಜಿನ ಮೇಲೆ ತಿರುಗಿಸಿಬಿಟ್ಟರು. ಅದು ನಿಲ್ಲುವವರೆಗೆ ಅಧಿಕಾರಿಗಳಿಬ್ಬರೂ ಅದನ್ನೇ ನೋಡಿದರು. ನಿಂತ ಮೇಲೆ ಹೋಗಿ ಎಂದರು.

ನಾವು ಉಳಿದುಕೊಂಡದ್ದು ಯೋನಾಸ್ ಎಂಬವರ ಮನೆಯಲ್ಲಿ. ಇಂಗ್ಲೆಂಡಿನವರೆಗೆ ಲಾರಿ ಓಡಿಸಿ ನಿವೃತ್ತರಾದವರು, ಇಂಗ್ಲಿಷ್ ಕಲಿತದ್ದೂ ಆ ದಾರಿಯಲ್ಲೇ. ಬಾಗಿಲಲ್ಲಿ ನಿಂತಿದ್ದವರಿಗೆ ನಾನು ಹೊರಗಿನಿಂದಲೇ ಕೈ ಚಾಚಿದೆ. ಅವರು ಕೈ ಹಿಂದೆ ಕಟ್ಟಿಕೊಂಡರು. ಎಡವಟ್ಟಾಯಿತೆಂದು ನಾನು ಪೆಚ್ಚಾಗುತ್ತಿದ್ದಂತೆ ತೋಳು ಹಿಡಿದು ಒಳಗೆಳೆದುಕೊಂಡು, ಆಮೇಲೆ ಕೈ ಕುಲುಕಿದರು. ಹೊಸ್ತಿಲ ಮೇಲಿಂದ ಕೈ ಕುಲುಕಿದರೆ ಜಗಳವಾಗುತ್ತದಂತೆ. ಹೊಸ್ತಿಲ ಮೇಲೆ ನಿಂತು ಸೀನಬಾರದ ಊರಿನಿಂದ ಬಂದ ನಮಗೆ ಇದು ಚೆನ್ನಾಗಿಯೇ ಅರ್ಥವಾಯಿತು. ಮಧ್ಯಾಹ್ನಕ್ಕೆ ಬೀಟ್‌ರೂಟ್ ಹಾಕಿ ಕಲಸಿದ ತಣ್ಣನೆಯ ಮಜ್ಜಿಗೆಯಂಥ ಸಾರು, ಜೊತೆಗೆ ಬಿಸಿ ಆಲೂಗಡ್ಡೆ. ಬಣ್ಣ ಮಾತ್ರ ಹೋಳಿಯದು. ಬಷೀರಣ್ಣ ಕಣ್ಣು ಮುಚ್ಚಿಕೊಂಡು ಕುಡಿದು, "ಒಂದು ಮುದ್ದೆ ಇದ್ದಿದ್ರೆ ನಡೀತಿತ್ತು," ಎಂದರು.

ಮೇಳದ ಎರಡನೇ ದಿನ

ಒಬ್ಬ ಹೆಂಗಸು ನಮ್ಮ ಮೇಜಿನ ಮುಂದೆ ನಿಂತು ಒಂದು ಕುದುರೆಬೊಂಬೆಯನ್ನು ಎತ್ತಿಕೊಂಡರು. ಬೊಂಬೆಗೆಂದೇ ಬಳಸುವ ಆಲೆ ಮರದ್ದು, ಬಷೀರಣ್ಣನ ಕೈಕೆಲಸದಲ್ಲೇ ಶ್ರೇಷ್ಠವಾದದ್ದು. ತುಂಬ ಚೆನ್ನಾಗಿದೆ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಬಷೀರಣ್ಣ ತಲೆ ತಗ್ಗಿಸಿ, "ಅಯ್ಯೋ, ಏನೋ ಒಂದು. ಮಕ್ಕಳು ಎಸೆದಾಡೋಕೆ," ಎಂದರು. ನಾನು ಹಾಗೆಯೇ ಇಂಗ್ಲಿಷಿಗೆ ದಾಟಿಸಿದೆ. ಆಕೆ ಕುದುರೆಯನ್ನು ಮತ್ತೊಮ್ಮೆ ನೋಡಿ, ಬೇಸರದಿಂದ ಮೇಜಿನ ಮೇಲಿಟ್ಟು ನಡೆದುಬಿಟ್ಟರು.

"ಏನಂದ್ರಿ ಮೇಷ್ಟ್ರೇ?"

"ನೀವು ಅಂದದ್ದೇ ಅಂದೆ."

"ಅದನ್ನ ಯಾಕ್ ಹೇಳೋಕೋದ್ರಿ?"

ಇಬ್ಬರೂ ನಕ್ಕೆವು. ಆಮೇಲೆ ಬಷೀರಣ್ಣ ಏನೇ ಅಂದರೂ ನಾನು ಹೊಗಳಿಕೆಯನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಸಂಜೆಯ ಹೊತ್ತಿಗೆ ಮೇಜು ಅರ್ಧ ಖಾಲಿಯಾಗಿತ್ತು. ಇದನ್ನು ಬರೆಯುತ್ತಿರುವುದು ತಮಾಷೆಗಲ್ಲ. ಅಲ್ಲಿ ಆಡಿದ ಮಾತನ್ನು ಆಡಿದಂತೆಯೇ ತೆಗೆದುಕೊಳ್ಳುತ್ತಾರೆಂದು ನನಗೆ ಆ ದಿನವೇ ಗೊತ್ತಾಗಿತ್ತು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಯೋನಾಸರ ಶೆಡ್ಡು

ನಾಲ್ಕನೇ ದಿನ ಸಂಜೆ ಯೋನಾಸ್ ನಮ್ಮನ್ನು ತಮ್ಮ ಕಾರ್ ಶೆಡ್ಡಿಗೆ ಕರೆದರು. ಕಾರು ಹೊರಗೆ ನಿಂತಿತ್ತು. ಒಳಗೆ ನಾಲ್ಕು ಕುರ್ಚಿ, ಒಂದು ಹಳೆಯ ಟಿ.ವಿ., ಗೋಡೆಯ ತುಂಬ ಊರಿನ ಬಾಸ್ಕೆಟ್‌ಬಾಲ್ ತಂಡದ ಮಾಸಿದ ಫೋಟೋಗಳು. ಪಕ್ಕದ ಮನೆಯ ದಾಲಿಯಾ ಆಗಲೇ ಬಂದು ಕೂತಿದ್ದರು. ಔಷಧಿ ಅಂಗಡಿ ನಡೆಸುವವರು, ಐವತ್ತರ ಆಸುಪಾಸು. ಪಂದ್ಯಗಳ ಋತು ಮುಗಿದಿತ್ತು, ಆಟಗಾರರ ಒಪ್ಪಂದಗಳೂ ಮುಗಿದಿದ್ದವು. ಅಲ್ಲಿಯೂ ಅದೇ ಆಟ ನಡೆಯುತ್ತಿತ್ತು. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ.

"ನಮ್ಮ ಗಾರ್ಡ್ ಹೋಗುತ್ತಾನೆ," ಎಂದರು ದಾಲಿಯಾ, ನಮಗಾಗಿ ಇಂಗ್ಲಿಷಿನಲ್ಲಿ. "ಅವನ ನಾಯಿಗೆ ಮೊನ್ನೆ ಪ್ರಯಾಣದ ಚುಚ್ಚುಮದ್ದು ಹಾಕಿಸಿದ್ದಾರೆ. ಪಶುವೈದ್ಯರ ಸಹಾಯಕಿ ನನ್ನ ಅಂಗಡಿಗೆ ಬರುತ್ತಾಳೆ."

"ನಾಯಿ ರಜೆಗೆ ಹೋಗುತ್ತಿರಬಹುದು," ಎಂದರು ಯೋನಾಸ್.

"ಸ್ಪೇನಿಗೆ ಹೋಗುತ್ತಿದೆ. ನಾಯಿಯ ಹಿಂದೆ ಅವನೂ. ಹೋಗಲಿ ಬಿಡು, ಕಾಲಲ್ಲಿ ಏನು ಉಳಿದಿದೆ? ಕಳೆದ ವರ್ಷವೇ ಮುಗಿದಿತ್ತು ಅವನ ಆಟ."

ಹಾಗೆಂದವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಅಷ್ಟನ್ನೂ ಬಷೀರಣ್ಣನಿಗೆ ಕನ್ನಡದಲ್ಲಿ ಹೇಳಿದೆ. ಅವರು ತೊಡೆ ತಟ್ಟಿಕೊಂಡು, "ನಮ್ ಪುಟ್ಟರಾಜು ಇಲ್ಲೂ ಅವ್ನೆ ನೋಡಿ," ಎಂದರು. ನಾನು ಸಾದಿಕನ ಹೊಸ ಶೂಗಳ ಕಥೆ ಹೇಳಿದೆ. ಯೋನಾಸ್, ದಾಲಿಯಾ ಇಬ್ಬರೂ ನಕ್ಕರು. ಆರೂವರೆ ಸಾವಿರ ಕಿಲೋಮೀಟರ್ ದೂರ ಬಂದು ಅದೇ ಮೆಟ್ಟಿಲ ಮೇಲೆ ಕೂತ ಹಾಗಾಯಿತು. ಆ ನೆಮ್ಮದಿಯಲ್ಲೇ ನಾನು ಕೆಟ್ಟೆ.

ಸ್ವಲ್ಪ ಹೊತ್ತಿಗೆ ಯೋನಾಸರ ಹೆಂಡತಿಯ ತಮ್ಮ ವೀತಾಸ್ ಬಂದರು. ಪಕ್ಕದ ಸಣ್ಣ ಊರಿನ ತಂಡಕ್ಕೆ ಸಹಾಯಕ ತರಬೇತುದಾರ. ನಗುವ ಮುಖವಲ್ಲ. ಬಷೀರಣ್ಣ ತಡಮಾಡದೆ ಫೋನ್ ಅವರ ಕೈಗಿಟ್ಟರು. ಚನ್ನಪಟ್ಟಣದ ಪಂದ್ಯದಲ್ಲಿ ಯಾರೋ ತೆಗೆದ ಆರು ನಿಮಿಷದ ಚಿತ್ರ. ಕೈ ನಡುಗಿದ್ದರಿಂದ ಅಂಕಣಕ್ಕಿಂತ ಆಕಾಶವೇ ಹೆಚ್ಚು ಕಾಣುತ್ತಿತ್ತು. ವೀತಾಸ್ ಅದನ್ನು ಮೂರು ಸಲ ನೋಡಿದರು. ನಂತರ ಹೇಳಿದರು: ಆಗಸ್ಟಿನಲ್ಲಿ ಹೊರದೇಶದ ಒಬ್ಬ ಎತ್ತರದ ಆಟಗಾರನನ್ನು ಒಂದು ತಿಂಗಳು ಪರೀಕ್ಷೆಗೆ ಕರೆಸುತ್ತೇವೆ. ಚೆನ್ನಾಗಿ ಆಡಿದರೆ ಉಳಿಸಿಕೊಳ್ಳುತ್ತೇವೆ. ಇನ್ನೊಂದು ಹೆಸರೂ ಇದೆ. ವಾರದೊಳಗೆ ಒಬ್ಬನನ್ನು ಆರಿಸಬೇಕು.

"ನಾನು ಇವನನ್ನು ಕಣ್ಣಾರೆ ನೋಡಿಲ್ಲ," ಎಂದು ಅವರು ನನ್ನ ಕಡೆ ತಿರುಗಿದರು. "ನೀವು ನೋಡಿದ್ದೀರಿ. ಹೇಗೆ ಆಡುತ್ತಾನೆ?"

ನಾನು ಹೇಳಿದ್ದು ಇಷ್ಟು: "ಎತ್ತರ ಇದ್ದಾನೆ, ಅಷ್ಟೇ. ನಮ್ಮಂಥ ಸಣ್ಣ ಊರಿಗೆ ಪರವಾಗಿಲ್ಲ. ಎರಡು ವರ್ಷದ ಹಿಂದೆ ಕುದೂರಿನ ಪಂದ್ಯದಲ್ಲಿ ಬಿದ್ದು ಎಡಮಂಡಿ ಕೈಕೊಟ್ಟಿತ್ತು. ಈಗ ಹೇಗೋ ಓಡಾಡುತ್ತಾನೆ."

ಹೇಳುವಾಗ ನಗುತ್ತಿದ್ದೆ. ಒಳಗೊಳಗೆ ಕಾಯುತ್ತಲೂ ಇದ್ದೆ. ನಮ್ಮಲ್ಲಾದರೆ ಇಂಥ ಮಾತಿಗೆ ಎದುರಿನವನು "ಹಂಗಂತೀರಿ, ಆದ್ರೆ ಹುಡುಗ ಚೆನ್ನಾಗವ್ನೆ ಅಲ್ವಾ?" ಎಂದು ಕೆದಕಬೇಕು. ಆಗ ನಾನು ತಡೆದು ತಡೆದು ಒಂದೊಂದೇ ಒಳ್ಳೆಯ ಮಾತು ಬಿಡಬೇಕು. ವೀತಾಸ್ ಕೆದಕಲಿಲ್ಲ. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನೋ ಬರೆದುಕೊಂಡು, ಗಂಭೀರವಾಗಿ ಧನ್ಯವಾದ ಹೇಳಿದರು.

"ಏನಂದ್ರಿ?" ಎಂದರು ಬಷೀರಣ್ಣ.

"ಪರವಾಗಿಲ್ಲ ಅಂದೆ."

"ಒಳ್ಳೇದು ಮಾಡಿದ್ರಿ. ಜಾಸ್ತಿ ಹೊಗಳ್ಬಾರ್ದು. ಹುಡುಗಂಗೆ ಕಣ್ಣು ಬೀಳ್ತದೆ."

ಹೊರಡುವ ದಿನ

ಚೀಲ ಕಟ್ಟಿ ನಿಂತಾಗ ಯೋನಾಸ್ ಒಂದು ಬ್ರೆಡ್ಡಿನ ಗಟ್ಟಿ ಕಟ್ಟಿಕೊಟ್ಟರು. ಕಪ್ಪು ಬ್ರೆಡ್ಡು, ನಮ್ಮ ರಾಗಿರೊಟ್ಟಿಯ ಬಣ್ಣದ್ದು. ಕೊಡುತ್ತ ಹೇಳಿದರು: "ನಿಮ್ಮ ಎತ್ತರದ ಹುಡುಗನ ವಿಷಯ ಕೇಳಿ ಬೇಸರವಾಯಿತು. ಮಂಡಿ ಹೋದರೆ ಸೆಂಟರ್ ಆಟಗಾರನಿಗೆ ಏನು ಉಳಿಯಿತು?"

ಚೀಲ ಅಲ್ಲೇ ಕೆಳಗಿಟ್ಟೆ. ವೀತಾಸರ ನಂಬರು ಇಸಿದುಕೊಂಡು ಅಲ್ಲಿಂದಲೇ ಫೋನ್ ಮಾಡಿದೆ. ನಾನು ಆ ರೀತಿ ಹೇಳಿದ್ದು ನಮ್ಮ ಕಡೆಯ ಪದ್ಧತಿ, ನಮ್ಮವರನ್ನು ನಾವು ಹೊಗಳುವುದಿಲ್ಲ ಎಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಹಾಗಾದರೆ ಮಂಡಿಗೆ ಪೆಟ್ಟಾಗಿರಲಿಲ್ಲವೇ?"

ಪೆಟ್ಟಾದದ್ದನ್ನು ನೋಡಿದ ನೆನಪು ನನಗಿತ್ತು. ಕುದೂರಿನ ಸಿಮೆಂಟು ಅಂಕಣ, ಬಿದ್ದ ಸದ್ದು, ಮಂಡಿ ಹಿಡಿದು ಮುದುಡಿದ ಮೈ. ಅದನ್ನು ಸುಳ್ಳೆನ್ನಲು ನನ್ನಿಂದಾಗಲಿಲ್ಲ.

"ಪೆಟ್ಟಾಗಿತ್ತು ಅನಿಸುತ್ತದೆ," ಎಂದೆ.

"ನೀವು ಪ್ರಾಮಾಣಿಕರು," ಎಂದರು ವೀತಾಸ್. "ನನಗೆ ಆಟಗಾರರನ್ನು ಕೊಡಲು ಬರುವವರು ಯಾರೂ ಮಂಡಿಯ ವಿಷಯ ಹೇಳುವುದಿಲ್ಲ."

ವಿಮಾನದಲ್ಲಿ ಬಷೀರಣ್ಣ ನಿದ್ದೆ ಹೋದರು. ನಾನು ಕುದೂರಿನ ಆ ಪಂದ್ಯವನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಂಡೆ. ಪ್ರತಿ ಸಲವೂ ಬಿದ್ದವನ ಮುಖ ನೋಡಲು ಹೋದರೆ ಒಮ್ಮೆ ಸಾದಿಕ ಕಾಣುತ್ತಿದ್ದ, ಒಮ್ಮೆ ಬರೀ ಬೆನ್ನು ಕಾಣುತ್ತಿತ್ತು. ನೋಡಿದಷ್ಟೂ ಸಾದಿಕನ ಮುಖ ಸ್ಪಷ್ಟವಾಗುತ್ತ ಹೋಯಿತು. ನೆನಪು ಹಾಗೆ ಸ್ಪಷ್ಟವಾಗುತ್ತಿದ್ದರೆ ಅದನ್ನು ನಂಬಬಾರದು ಎಂದು ಹಿಂದೆ ನಾನೇ ಬರೆದಿದ್ದೆ.

ರಾಮನಗರ

ಬಂದ ಮಾರನೆಯ ಸಂಜೆ ಮೆಟ್ಟಿಲ ಹತ್ತಿರ ಹೋದೆ. ಪುಟ್ಟರಾಜು, ಮಂಜ ಇಬ್ಬರೇ ಇದ್ದರು. ಏನೂ ಗೊತ್ತಿಲ್ಲದವನಂತೆ ಕೇಳಿದೆ: "ಅವತ್ತು ಕುದೂರಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡದ್ದು ಯಾರು?"

ಮಂಜ ಪ್ಯಾಂಟು ಮೇಲೆತ್ತಿದ. ಎಡಮಂಡಿಯ ಮೇಲೆ ಬೆರಳುದ್ದದ ಗಾಯದ ಗುರುತು. "ನಂದೇ ಸಾರ್. ಮರ್ತ್ಬುಟ್ರಾ? ಮಾಗಡಿ ಆಸ್ಪತ್ರೆಗೆ ನಿಮ್ ಕಾರಲ್ಲಿ ನೀವೇ ತಾನೇ ಕರ್ಕೊಂಡೋಗಿದ್ದು? ದಾರಿಯುದ್ದಕ್ಕೂ ಬೈತಿದ್ರಿ, ಸೀಟಿಗೆ ರಕ್ತ ಆಯ್ತು ಅಂತ."

ಮಾಗಡಿ ರಸ್ತೆ ಥಟ್ಟನೆ ನೆನಪಾಯಿತು. ಸೀಟಿನ ರಕ್ತವೂ ನೆನಪಾಯಿತು. ಅದೆಲ್ಲ ಇಷ್ಟು ದಿನ ಎಲ್ಲಿತ್ತೋ ಗೊತ್ತಿಲ್ಲ.

ಮನೆಗೆ ಬಂದು ವೀತಾಸರಿಗೆ ಬರೆದೆ. ಬಿದ್ದವನು ಬೇರೆಯವನು, ಸಾದಿಕನ ಮಂಡಿಗೆ ಎಂದೂ ಏನೂ ಆಗಿಲ್ಲ, ನನ್ನ ಜೀವಮಾನದಲ್ಲಿ ಅವನಂಥ ಸೆಂಟರನ್ನು ಹತ್ತಿರದಿಂದ ನೋಡಿಲ್ಲ, ತಪ್ಪು ನನ್ನ ನೆನಪಿನದು ಎಂದು. ಮೂರು ದಿನಕ್ಕೆ ಉತ್ತರ ಬಂತು. ಇನ್ನೊಬ್ಬನಿಗೆ ಆಗಲೇ ಕರೆ ಹೋಗಿದೆ. ನೀವು ಆ ಹುಡುಗನನ್ನು ಪ್ರೀತಿಸುತ್ತೀರಿ, ಅವನಿಗೆ ನೆರವಾಗಲು ಬಯಸುತ್ತೀರಿ, ಅದು ನನಗೆ ಅರ್ಥವಾಗುತ್ತದೆ. ಆದರೆ ನೀವು ಮೊದಲು ಹೇಳಿದ್ದನ್ನೇ ನಾನು ನಂಬುತ್ತೇನೆ. ಇಷ್ಟೇ ಇತ್ತು.

ಬಷೀರಣ್ಣ ಕೊಟ್ಟು ಬಂದಿದ್ದ ವಿಳಾಸಕ್ಕೆ ಸಾದಿಕನಿಗೂ ವೀತಾಸರ ಪತ್ರವೊಂದು ಬಂದಿತ್ತು. ಅದನ್ನು ಫೋನಿನಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದ. ತಲೆ ಬಗ್ಗಿಸಿ ಒಳಗೆ ಬಂದು, ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದ.

"ಸಾರ್, ಇಂಗ್ಲಿಷು ಸರಿಯಾಗಿ ಓದಿದ್ನಾ ನೋಡಿ. ನಿನ್ನ ಮಂಡಿ ಬೇಗ ವಾಸಿಯಾಗ್ಲಿ ಅಂತ ಬರ್ದವ್ರೆ. ನನ್ ಮಂಡಿಗೆ ಏನಾಗಿತ್ತು ಸಾರ್?"

ಎಲ್ಲವನ್ನೂ ಹೇಳಿದೆ. ಶೆಡ್ಡು, ನಗು, ನಾನು ಆಡಿದ ಮಾತು, ಮಂಜನ ಗಾಯ. ಅವನು ಕೂಗಾಡಲಿ ಎಂದು ನಾನು ಬಯಸಿದ್ದೆ. ಅವನು ಫೋನ್ ಆರಿಸಿ ಜೇಬಿಗಿಟ್ಟ.

"ಹೋಗ್ಲಿ ಬುಡಿ ಸಾರ್. ಬೇಕೂಂತ ಹೇಳಿದ್ರಾ?"

ಬೇಕೆಂದು ಹೇಳಲಿಲ್ಲ ಎಂದೆ. ಬಾಗಿಲ ತನಕ ಹೋದವನು ತಿರುಗಿ ನಿಂತ. "ಕುದೂರಲ್ಲಿ ನಾನೂ ಒಂದ್ಸಲ ಬಿದ್ದಿದ್ದೆ ಅನ್ಸುತ್ತೆ ಸಾರ್. ಅಲ್ವಾ?"

ಇಲ್ಲ ಎಂದೆ. ಆದರೆ ನನ್ನ "ಇಲ್ಲ"ಕ್ಕೆ ಈಗ ಯಾವ ಬೆಲೆ?

ಬಷೀರಣ್ಣನಿಗೆ ಹೇಳಲು ಚನ್ನಪಟ್ಟಣಕ್ಕೆ ಹೋದೆ. ಬೊಂಬೆ ಕಡೆಯುವ ಲೇತ್ ನಿಲ್ಲಿಸಿ ಕೇಳಿಸಿಕೊಂಡರು. ಬೈದಿದ್ದರೆ ಹಗುರಾಗಿ ಮರಳುತ್ತಿದ್ದೆ.

"ನಾನು ಪಕ್ಕದಲ್ಲೇ ಕೂತಿದ್ನಲ್ಲ ಮೇಷ್ಟ್ರೇ. ನೀವು ಒಸಿ ತೆಗಳ್ತಾ ಇದ್ದೀರಿ ಅಂತ ನಿಮ್ ಮುಖ ನೋಡಿ ಗೊತ್ತಾಗಿತ್ತು. ಸುಮ್ನಿದ್ದೆ. ಇಂಗ್ಲಿಷ್ ಬಂದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಮಂಡಿ ಬದ್ಲು ಸೊಂಟ ಅಂತಿದ್ದೆ, ಅಷ್ಟೇಯ." ಲೇತನ್ನು ಮತ್ತೆ ಶುರು ಮಾಡುತ್ತ, "ತಂಗಿಗೆ ಮಾತ್ರ ಹೇಳ್ಬೇಡಿ," ಎಂದರು.

ಸಾದಿಕ ಪತ್ರ ಹಿಡಿದು ಬಂದು ಹೋದ ವಾರಕ್ಕೆ ಮೆಟ್ಟಿಲ ಮೇಲೆ ಮಾತ್ರ ಹಬ್ಬ. ಸಾದಿಕ ಹೋಗುವುದಿಲ್ಲ ಎಂಬ ಸುದ್ದಿ ಅದು ಹೇಗೋ ಮುಟ್ಟಿತ್ತು. ಪುಟ್ಟರಾಜು ಎಲ್ಲರಿಗೂ ಟೀ ತರಿಸಿದ್ದ.

"ಸೆಂಟರ್ ಉಳ್ಕೊಂಡ ಕಣ್ಲಾ. ಈ ಸಲ ಕನಕಪುರದವರಿಗೆ ಐತೆ ಹಬ್ಬ."

"ಡಿಸೆಂಬರ್ ತನಕ ಆಡ್ತಾನೆ ಅಷ್ಟೇಯ. ಆಮೇಲೆ ಬೇಸಿನ್," ಎಂದ ಪಕ್ಕದಲ್ಲಿ ಕೂತವನೊಬ್ಬ.

"ಡಿಸೆಂಬರ್ ತನಕ ಸಾಕು ಬುಡು. ಮೇಷ್ಟ್ರೇ, ತಕ್ಕಳಿ ಟೀ."

ಟೀ ತೆಗೆದುಕೊಂಡೆ. ಶೆಡ್ಡಿನಲ್ಲಿ ನನ್ನ ಬಾಯಿಂದ ಆ ಮಾತು ಹೊರಟದ್ದು ಹಳೆಯ ಅಭ್ಯಾಸದಿಂದಲೋ, ಕೆಟ್ಟ ನೆನಪಿನಿಂದಲೋ ಎಂದು ಬಂದಾಗಿನಿಂದ ಯೋಚಿಸುತ್ತಿದ್ದೆ. ಮೂರನೆಯ ಕಾರಣವೊಂದು ಇರಬಹುದೆಂದು ಹೊಳೆದದ್ದು ಆ ಟೀ ಕುಡಿಯುವಾಗ. ನಾನೂ ಈ ಮೆಟ್ಟಿಲಿನವನೇ. ಅವನು ಹೋಗುತ್ತಾನೆ ಎಂಬ ಭಯ ನನಗೂ ಇತ್ತು. ಇನ್ನೊಬ್ಬನಿಗೆ ಕರೆ ಹೋಗಿದೆ ಎಂದು ಓದಿದಾಗ ನನ್ನೊಳಗೆ ಒಂದು ಮೂಲೆಯಲ್ಲಿ ಸಮಾಧಾನವಾಗಿತ್ತೇ? ಆಗಿರಲಿಲ್ಲ ಎಂದೇ ನೆನಪು. ಆದರೆ ಸಾದಿಕನ ಮಂಡಿಯೂ ನನಗೆ ಅಷ್ಟೇ ಖಚಿತವಾಗಿ ನೆನಪಿತ್ತು.

ಕೆಳಗೆ ಅಭ್ಯಾಸ ನಡೆಯುತ್ತಿತ್ತು. ಸಾದಿಕ ಬುಟ್ಟಿಯ ಬಳೆಯ ಮಟ್ಟಕ್ಕೆ ಹಾರಿ ಚೆಂಡು ಹಿಡಿದು ಕೆಳಗಿಳಿದ. ಇಳಿಯುವಾಗ ಬಲಗಾಲನ್ನಷ್ಟೇ ಊರಿ, ಎಡಗಾಲನ್ನು ಒಂದು ಕ್ಷಣ ಗಾಳಿಯಲ್ಲೇ ಹಿಡಿದುಕೊಂಡ. ಮತ್ತೊಮ್ಮೆ ಹಾರಿದ. ಮತ್ತೆ ಹಾಗೆಯೇ. ಬೆವರೊರೆಸಿಕೊಳ್ಳಲು ಬಂದ ಮಂಜನನ್ನು ಕೇಳಿದೆ, ಅವನು ಮುಂಚೆಯೂ ಹೀಗೆ ಇಳಿಯುತ್ತಿದ್ದನೇ ಎಂದು.

"ಇಲ್ಲ ಸಾರ್," ಎಂದ ಮಂಜ. "ಎಡ್ಗಡೆ ಮಂಡಿ ನೋಯ್ತದಂತೆ. ಒಂದು ವಾರದಿಂದ."